ಒಂದು ಪಲ್ಯ ಕಡಿಮೆ

ಬಾಳೆಎಲೆಗೆ ಅಲಸಂಡೆ ಪಲ್ಯ ಬಿದ್ದಾಗ ಡೆನ್ವರನ ಕೈ ಅನ್ನದ ಮೇಲೆಯೇ ನಿಂತಿತು. ಕಾಳುಗಳು ಅಷ್ಟು ದಪ್ಪ. ತಾನು ಮದ್ದು ಬಿಟ್ಟ ಸಾಲಿನದೇ ಎಂದು ನೋಡಿದ ಕೂಡಲೇ ಗೊತ್ತಾಯಿತು.

"ನಿನ್ನ ಗಿಡದ್ದೇ ಪುತಾ," ಎಂದರು ಅವನ ತಾಯಿಯ ಅಕ್ಕ, ಜೆರ್ಟ್ರೂಡ್ ಮಾವ್ಶಿ. ಅವರ ಹೆಮ್ಮೆ ನೋಡಬೇಕಿತ್ತು! ಮೊಂತಿ ಹಬ್ಬದ, ಅಂದರೆ ಮರಿಯಮ್ಮನ ಹುಟ್ಟುಹಬ್ಬದ ಊಟ. ಇಗರ್ಜಿಯಲ್ಲಿ ಪಾದ್ರಿಗಳು ಹರಸಿಕೊಟ್ಟ ಹೊಸ ತೆನೆ ಮನೆಗೆ ಬಂದಿತ್ತು. ಆ ದಿನ ಮೀನು ಮಾಂಸ ಇಲ್ಲ, ತರಕಾರಿಯ ಬಗೆಗಳು ಬೆಸಸಂಖ್ಯೆಯಲ್ಲೇ ಇರಬೇಕು. ಏಳನೆಯದು ಈ ಅಲಸಂಡೆ.

ಮಣಿಪಾಲದಲ್ಲಿ ಸಂಶೋಧನೆ ಮಾಡುವ ಈ ಮಹಾಶಯ ಅಲೆವೂರಿನ ಮಾವ್ಶಿಯ ಹಿತ್ತಲಲ್ಲಿ ಎರಡು ಸಾಲು ಅಲಸಂಡೆ ಹಾಕಿದ್ದ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಹೂ ಬಿಡುವಾಗ ಹಾರ್ಮೋನು. ಕಾಳು ದಪ್ಪವಾದ ಹಾಗೆ ಪ್ರೋಟೀನೂ ಏರುತ್ತದಾ, ಇಲ್ಲ ಬರೀ ಗಾತ್ರವಾ ಎಂದು ನೋಡಬೇಕಿತ್ತು. ಪರೀಕ್ಷೆ ಮುಗಿಯುವ ತನಕ ಯಾರೂ ತಿನ್ನಬಾರದೆಂದು ಗೈಡ್ ಖಡಾಖಂಡಿತವಾಗಿ ಹೇಳಿದ್ದರು. ಹಾರ್ಮೋನು ಅಂದರೆ ಮಾವ್ಶಿ ಜಾಗ ಕೊಡಲಿಕ್ಕಿಲ್ಲವೆಂದು ಇವನು ವಿಟಮಿನ್ ಎಂದು ತೇಲಿಸಿಬಿಟ್ಟಿದ್ದ. ತಿನ್ನಬೇಡಿ ಎನ್ನುವ ಮಾತಂತೂ ಬಾಯಿಂದ ಬರಲೇ ಇಲ್ಲ.

ಈಗಲೂ ಸುಮ್ಮನಿರಬಹುದಿತ್ತು. ಒಂದು ತುತ್ತಿನಿಂದ ಎಂತ ಆಗುತ್ತದೆ ಎಂದು ತನಗೇ ಹೇಳಿಕೊಂಡ. ಅಷ್ಟರಲ್ಲಿ ಎದುರು ಕುಳಿತಿದ್ದ ಮಾವ್ಶಿಯ ಸೊಸೆ ಮೆಲಿಷಾ, ತುಂಬಿದ ಬಸುರಿ, ಪಲ್ಯ ಕಲಸಿ ತುತ್ತು ಎತ್ತಿದಳು.

"ತಿನ್ನಬೇಡಿ," ಎಂದ ಡೆನ್ವರ್. "ಅದು ವಿಟಮಿನ್ ಅಲ್ಲ, ಹಾರ್ಮೋನು. ತಿಂದರೆ ಎಂತ ಆಗ್ತದೆ ಅಂತ ನಾವು ಇನ್ನೂ ನೋಡಿಲ್ಲ."

ಮೆಲಿಷಾ ತುತ್ತನ್ನು ಎಲೆಗೆ ಹಾಕಿ ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು.

"ನಿಜ ಹೇಳಿದ್ದರೆ ನಾನು ಜಾಗ ಕೊಡ್ತಿರಲಿಲ್ವಾ?" ಮಾವ್ಶಿ ಮೆಲ್ಲಗೆ ಕೇಳಿದರು.

ಅಯ್ಯೋ, ಬೈದಿದ್ದರೆ ಎಷ್ಟೋ ಮೇಲಿತ್ತು. ನಾಚಿಕೆಯಿಂದ ಅವನ ಕಿವಿಯೆಲ್ಲ ಬಿಸಿಯಾಯಿತು, ತಲೆ ಎತ್ತಲಾಗಲಿಲ್ಲ. ಮಾವ್ಶಿ ಒಬ್ಬೊಬ್ಬರ ಎಲೆಯಿಂದಲೂ ಪಲ್ಯವನ್ನು ಕೈಯಲ್ಲೇ ಬಾಚಿ ಪಾತ್ರೆಗೆ ಹಾಕಿಕೊಂಡರು. ಅವನ ಎಲೆಯಿಂದಲೂ. ಈಗ ಆರೇ ಆಯಿತಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಬುಟ್ಟಿ ಹಿಡಿದು ಹಿತ್ತಲಿಗೆ ಇಳಿದರು. ಎಲ್ಲರೂ ಎಲೆಯ ಮುಂದೆ ಕಾದು ಕುಳಿತರು.

ತೆರೆದ ಬಾಗಿಲಿನಿಂದ ಡೆನ್ವರನಿಗೆ ಕಾಣುತ್ತಿತ್ತು. ದಪ್ಪ ಕಾಳಿನ ಸಾಲನ್ನು ದಾಟಿ, ಬರೀ ನೀರು ಕುಡಿದ ಸಾಲಿನ ಹತ್ತಿರ ಅವರು ಕೈ ಚಾಚಿ ನಿಂತರು. ಮದುವೆಯಾಗಿ ಬಂದಂದಿನಿಂದ ಯಾರನ್ನೂ ಕೇಳದೆ ಕೊಯ್ದ ಹಿತ್ತಲು ಅದು.

"ಡೆನ್ವರ್, ಇದರಿಂದ ಕೊಯ್ಯಬಹುದಾ?"

"ಕೊಯ್ಯಬಹುದು ಮಾವ್ಶಿ. ಅದಕ್ಕೆ ನೀರು ಮಾತ್ರ."

ಮಾವ್ಶಿ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡು ಬಸಳೆ ಚಪ್ಪರದ ಕಡೆ ನಡೆದರು.