ಏಳನೇ ವಾರ್ಡಿನ ಬೆನ್ನುಗಳು

ನೀತಾಳ ಪಿಎಚ್.ಡಿ. ಕೆಟ್ಟದ್ದು ಏಳನೇ ವಾರ್ಡಿನಲ್ಲಿ ಯಾರ ಬೆನ್ನಿಗೂ ಹುಣ್ಣಾಗದೆ ಹೋದದ್ದರಿಂದ. ಆ ಬೆನ್ನುಗಳಲ್ಲಿ ನಮ್ಮ ಯಜಮಾನರದೂ ಒಂದು.

ಯೆರವಡಾದಲ್ಲಿ ನಮ್ಮ ಎದುರು ಮನೆಯವಳು ನೀತಾ. ತಂದೆ ಬಸವಪ್ರಭು ಜಮಖಂಡಿ ಕಡೆಯವರು, ಬಟ್ಟೆ ವ್ಯಾಪಾರ. ಮಗಳು ನರ್ಸಿಂಗ್‌ನಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಹೊರಟಾಗ ಅವರಿಗೆ ನಗು ತಡೆಯಲಿಲ್ಲ.

"ಸೂಜಿ ಚುಚ್ಚೂದರಾಗ ಏನ್ ಸಂಶೋಧನಾ ಮಾಡ್ತಿ ತಂಗಿ?"

"ಚುಚ್ಚೂದನ್ನ ಡಾಕ್ಟರ್ ಬರದು ಕೊಡ್ತಾರ ಪಪ್ಪಾ. ಚುಚ್ಚಿಸಿಕೊಂಡಾಂವ ದಿನಾ ಪೂರ್ತಿ ಹ್ಯಾಂಗ ಮಲಗ್ಯಾನ ಅಂತ ಯಾರು ನೋಡ್ತಾರ? ಅದನ್ನ ನಾ ನೋಡ್ತೀನಿ."

ಅವಳು ಆರಿಸಿಕೊಂಡ ವಿಷಯ ಹಾಸಿಗೆ ಹುಣ್ಣು. ಎದ್ದು ಕೂರಲಾರದ ರೋಗಿ ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಸೊಂಟ, ಹಿಮ್ಮಡಿ, ಬೆನ್ನಿನ ಬುಡ ಕೊಳೆಯತೊಡಗುತ್ತವೆ. ಎರಡು ತಾಸಿಗೊಮ್ಮೆ ಹೊರಳಿಸಿದರೆ ಸಾಕು. ಆದರೆ ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ನರ್ಸುಗಳು ಕಡಿಮೆ. ಉಣಿಸುವುದು, ಒರೆಸುವುದು ಎಲ್ಲ ಮನೆಯವರದೇ. ಹಾಗಾದರೆ ಮನೆಯವರಿಗೇ ಕಲಿಸೋಣ ಎಂದಳು. ಬಹಳ ಹೆಂಗಸರ ಕೈಯಲ್ಲಿ ಗಡಿಯಾರವಿರಲಿಲ್ಲ. ಅದಕ್ಕಾಗಿ ವಾರ್ಡಿನ ದಿನಚರಿಗೇ ಕೆಲಸವನ್ನು ಗಂಟು ಹಾಕಿದಳು. ಚಹಾದ ಗಾಡಿ ಬಂದಾಗ ಎಡಕ್ಕೆ, ಕಸ ಗುಡಿಸುವವಳು ಬಂದಾಗ ಬಲಕ್ಕೆ, ಡಾಕ್ಟರು ಬಂದು ಹೋದ ಮೇಲೆ ಮತ್ತೆ ಎಡಕ್ಕೆ. ಬೆನ್ನಿಗೆ ಆಸರೆಯಾಗಿ ಮಡಚಿದ ಕೌದಿ.

ಆರನೇ ವಾರ್ಡಿಗೆ ಇದನ್ನು ಕಲಿಸುವುದು, ಏಳನೆಯದನ್ನು ಇದ್ದಂತೆ ಬಿಡುವುದು, ವರ್ಷದ ಕೊನೆಗೆ ಎರಡನ್ನೂ ಹೋಲಿಸುವುದು. ಫರಕು ಕಂಡರೆ ಪ್ರತಿ ವಾರ್ಡಿಗೂ ಹೊರಳಿಸುವುದಕ್ಕೆಂದೇ ಒಬ್ಬ ಆಯಾಳನ್ನು ನೇಮಿಸುತ್ತೇವೆಂದು ಆಸ್ಪತ್ರೆಯವರು ಒಪ್ಪಿದ್ದರು. ಪದವಿಗಿಂತ ಈ ಮಾತೇ ಅವಳಿಗೆ ದೊಡ್ಡದಾಗಿತ್ತು.

ಇದೊಂದೂ ನನಗೆ ಆಗ ಗೊತ್ತಿರಲಿಲ್ಲ. 2001ರ ಮಳೆಗಾಲದಲ್ಲಿ ನಮ್ಮವರಿಗೆ ಪಾರ್ಶ್ವವಾಯು ಬಡಿಯಿತು. ಹಾಸಿಗೆ ಖಾಲಿ ಇದ್ದದ್ದು ಏಳರಲ್ಲಿ. ನೀತಾ ದಿನವೂ ಬಂದು ನನ್ನ ಭುಜ ಮುಟ್ಟಿ ಹೋಗುತ್ತಿದ್ದಳು, ಎಲ್ಲಿಂದಲೋ ಒಂದು ಬೆನ್ನಿರುವ ಕುರ್ಚಿ ತಂದಿಟ್ಟಳು. ವಾರಕ್ಕೊಮ್ಮೆ ಎಲ್ಲ ರೋಗಿಗಳ ಬೆನ್ನು ನೋಡಿ ಬರೆದುಕೊಳ್ಳುತ್ತಿದ್ದಳು. ಹೊರಳಿಸುವ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಎರಡೂ ವಾರ್ಡುಗಳ ನಡುವೆ ಒಂದೇ ಮೆಟ್ಟಿಲಸಾಲು. ರೋಗಿಗಳ ಮನೆಯವರೆಲ್ಲ ಅಲ್ಲೇ ಕುಳಿತು ಉಣ್ಣುವ ಪದ್ಧತಿ. ಸಂಶೋಧನೆಯ ಲೆಕ್ಕದಲ್ಲಿ ನೀತಾ ಮರೆತದ್ದು ಅದೊಂದನ್ನೇ. ಅಲ್ಲಿ ನನಗೆ ಆರನೇ ವಾರ್ಡಿನ ಮಾನಮ್ಮ ಸಿಕ್ಕಳು. ಯಾದಗಿರಿ ಕಡೆಯವಳು. ಗಂಡ ಶಂಕ್ರೆಪ್ಪ ಮಗರಪಟ್ಟಾದಲ್ಲಿ ಕಟ್ಟಡದ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ನಾನು ಕೇಳುವ ಮೊದಲೇ ತನ್ನ ರೊಟ್ಟಿ ಮುರಿದು ನನ್ನ ಡಬ್ಬಿಗೆ ಹಾಕುತ್ತಿದ್ದಳು.

"ನಿಮ್ಮ ಚಪಾತಿ ಕಾಗದ ಆಗ್ಯಾವ್ರಿ ಅವ್ವಾರ. ತಿನ್ನಬೇಕೋ ಓದಬೇಕೋ? ಯಜಮಾನ್ರನ್ನ ಹ್ಯಾಂಗ ಮಲಗಿಸೀರಿ?"

"ಬೆನ್ನ ಮ್ಯಾಲ."

"ಮುಂಜಾನಿಂದ? ಅಯ್ಯ ಶಿವನ! ರೊಟ್ಟೀನ ಹೊಳ್ಳಿ ಹಾಕ್ತೀವಿ, ಗಂಡನ್ನ ಹಾಕಂಗಿಲ್ಲೇನ್ರಿ?"

ಮೆಟ್ಟಿಲೆಲ್ಲ ನಕ್ಕಿತು. ಊಟವಾದ ಮೇಲೆ ಅವಳು ನನ್ನ ಜೊತೆ ಬಂದು ಹೊರಳಿಸಿ ತೋರಿಸಿದಳು. ಪಕ್ಕದ ಹಾಸಿಗೆಯವಳು ನೋಡಿದಳು, ಅವಳ ಪಕ್ಕದವಳು ಕೇಳಿದಳು. ಕೆಲವೇ ದಿನಗಳಲ್ಲಿ ಚಹಾದ ಗಾಡಿಯ ಸದ್ದಾದರೆ ಏಳನೇ ವಾರ್ಡೂ ಎದ್ದು ನಿಲ್ಲತೊಡಗಿತು.

ಹಾಗೆ ಎದ್ದು ನಿಂತ ಹೊತ್ತಿನಲ್ಲೇ ಒಮ್ಮೆ ನೀತಾ ಬಾಗಿಲಿಗೆ ಬಂದಳು. ಏಳರಲ್ಲಿ ಹುಣ್ಣುಗಳು ಯಾಕೆ ಏಳುತ್ತಿಲ್ಲವೆಂದು ನೋಡಲು ಬಂದವಳು. ಎಲ್ಲ ಹೆಂಗಸರೂ ತಮ್ಮವರನ್ನು ಎಡಕ್ಕೆ ತಿರುಗಿಸುತ್ತಿದ್ದರು. ಮಾನಮ್ಮ ನಮ್ಮವರ ಸೊಂಟ ಹಿಡಿದಿದ್ದಳು.

"ಬರ್ರಿ ಅಕ್ಕಾರ, ನಿಮ್ಮ ಸಾಲಿ ಇಲ್ಲೂ ತಗದೀನಿ!" ಎಂದವಳು ನೀತಾಳ ಮುಖ ನೋಡಿ ತಣ್ಣಗಾದಳು. "ತಪ್ಪಾತೇನ್ರಿ?"

ನೀತಾ ಬಾಗಿಲಿನಿಂದಲೇ ಹಿಂದಿರುಗಿದಳು.

ಅವಳ ಗೈಡ್ ಕೆಟ್ಟ ಹೆಂಗಸಲ್ಲ. ಇನ್ನೂ ಸಮಯವಿದೆ, ಏಳನೆಯವರಿಗೆ ಮೊದಲಿನಂತೆ ಇರಲು ಹೇಳು, ಆರನೆಯವರು ಬೇರೆ ಕಡೆ ಉಣ್ಣಲಿ, ಹೊಸದಾಗಿ ಎಣಿಸೋಣ ಎಂದರಂತೆ. ಈಗ ಕೆಲವರಿಗೆ ಹುಣ್ಣಾದರೂ ಮುಂದೆ ಸಾವಿರ ಜನಕ್ಕೆ ಆಗುವುದಿಲ್ಲ ಎಂದೂ ಹೇಳಿದರಂತೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ.

ಮರುದಿನ ಊಟದ ಹೊತ್ತಿಗೆ ನೀತಾ ಮೆಟ್ಟಿಲಿಗೆ ಬಂದು ನಮ್ಮ ನಡುವೆ ಕುಳಿತಳು. ಮೊದಲು ನನಗೆ ಎಲ್ಲವನ್ನೂ ಮೆಲ್ಲಗೆ ಹೇಳಿದಳು. ಆಮೇಲೆ ತಿರುಗಿದಳು.

"ಮಾನಮ್ಮಾ, ನೀ ಏಳರಾಗ ಹೋಗಿ ಕಲಸಾಕತ್ತಿಯಲ್ಲ..."

ಮಾನಮ್ಮನ ಕೈ ರೊಟ್ಟಿಯ ಮೇಲೇ ನಿಂತಿತು. "ಬ್ಯಾಡಂದ್ರ ಬಿಡ್ತೀನ್ರಿ ಅಕ್ಕಾರ. ನನಗೇನ ತಿಳೀತೈತಿ."

ಎಲ್ಲರೂ ಕಾದರು. ನಾನೂ ಕಾದೆ.

"ಹಿಮ್ಮಡಿ ಕೆಳಗ ಅರಿವಿ ಸುತ್ತಿ ಇಡೂದನ್ನ ನೀ ಅವ್ರಿಗೆ ಹೇಳೇ ಇಲ್ಲ," ಎಂದಳು ನೀತಾ. "ಅದನ್ನೂ ಕಲಸು."

ವರ್ಷದ ಕೊನೆಗೆ ಎರಡೂ ವಾರ್ಡುಗಳು ಒಂದೇ ಆಗಿದ್ದವು. ಹಿಂದಿನ ವರ್ಷಗಳ ಹುಣ್ಣುಗಳನ್ನು ಯಾರೂ ಬರೆದಿಟ್ಟಿರಲಿಲ್ಲವಾದ್ದರಿಂದ ಅವುಗಳ ಜೊತೆ ಹೋಲಿಸುವ ದಾರಿಯೂ ಇರಲಿಲ್ಲ. ನಡೆದದ್ದನ್ನು ನೀತಾ ಮುಚ್ಚದೆ ಬರೆದಳು. ವಿಶ್ವವಿದ್ಯಾಲಯದವರು ದೂರದೂರದ ಎರಡು ಆಸ್ಪತ್ರೆಗಳಲ್ಲಿ ಮತ್ತೆ ಮಾಡು ಎಂದರು. ಅದಕ್ಕೆ ಬೇಕಾದ ರಜೆ ಸಿಗಲಿಲ್ಲ. ಫರಕೇ ಇಲ್ಲವೆಂದ ಮೇಲೆ ಆಯಾ ಯಾಕೆ ಎಂದು ಆಸ್ಪತ್ರೆಯೂ ಮಾತು ಮುಗಿಸಿತು. ನೀತಾ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದಳು.

ಮಾನಮ್ಮ ಗಂಡನನ್ನು ಊರಿಗೆ ಕರೆದುಕೊಂಡು ಹೋದಳು. ಏಳರ ಹೆಂಗಸರೂ ಒಬ್ಬೊಬ್ಬರಾಗಿ ಮನೆಗೆ ಹೋದರು, ಕಲಿತದ್ದೂ ಅವರ ಜೊತೆಗೇ ಹೋಯಿತು. ನಮ್ಮವರು ಇನ್ನೂ ಕೆಲವು ವರ್ಷ ಇದ್ದರು. ಕೊನೆಯ ಸಲ ಮೈ ಒರೆಸಿದಾಗ ಅವರ ಬೆನ್ನು ಮಗುವಿನ ಬೆನ್ನಿನಂತೆ ಇತ್ತು.

2007ರಲ್ಲಿ ನಮ್ಮ ಕಟ್ಟಡದ ಅಂಬಾಬಾಯಿ ಬಿದ್ದು ಅದೇ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಸೇರಿದರು. ನೋಡಲು ಹೋದೆ. ಇಡೀ ಮಧ್ಯಾಹ್ನ ಯಾರೂ ಯಾರನ್ನೂ ಹೊರಳಿಸಲಿಲ್ಲ. ಪಕ್ಕದ ಹಾಸಿಗೆಯ ಮುದುಕಿಯ ಕಡೆಯಿಂದ ವಾಸನೆ ಬರುತ್ತಿತ್ತು. ಅವಳ ಸೊಸೆ ಪಾಪ, ತಲೆ ಬಾಚಿ, ಹೂ ಮುಡಿಸಿ, ಬೀಸಣಿಗೆ ಹಿಡಿದು ಕುಳಿತಿದ್ದಳು. ಸೊಸೆಯ ಜೊತೆ ಸೇರಿ ಮುದುಕಿಯನ್ನು ಹೊರಳಿಸಿದೆ. ತಡವಾಗಿತ್ತು, ಬೆನ್ನಿನ ಬುಡ ಆಗಲೇ ಕೊಳೆತಿತ್ತು.

ಸಂಜೆ ನೀತಾಳಿಗೆ ಹೇಳಿದೆ. ಅವಳು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

"ಗೊತ್ತದ ಕಾಕು. ಹುಡಿಗ್ಯಾರನ್ನ ಅಲ್ಲೇ ಪ್ರ್ಯಾಕ್ಟಿಕಲ್‌ಗೆ ಕರ್ಕೊಂಡು ಹೋಗ್ತೀನಲ್ಲ, ನೋಡ್ತೀನಿ." ಸ್ವಲ್ಪ ಹೊತ್ತು ಎಲೆ ಬಿಡಿಸಿದಳು. "ಆವತ್ತು ಮೆಟ್ಟಲ ಮ್ಯಾಲ ನಾ ಬ್ಯಾಡ ಅಂದಿದ್ರ, ಇವತ್ತು ಆ ಮುದುಕಿಗೆ ಒಬ್ಬಾಕಿ ಆಯಾ ಇರ್ತಿದ್ದಳು. ಹೌದಲ್ಲ?"

ಹೌದು ಎನ್ನಹೋದರೆ ನಮ್ಮವರ ಬೆನ್ನು ಕಣ್ಣ ಮುಂದೆ ಬಂತು. ಅಲ್ಲ ಎನ್ನಹೋದರೆ, ಮಧ್ಯಾಹ್ನವಷ್ಟೇ ಆ ಮುದುಕಿಯ ಬೆನ್ನು ಮುಟ್ಟಿ ಬಂದಿದ್ದೆ.

ನೀತಾ ನನ್ನ ಮುಖ ನೋಡಿ ಗಾಬರಿಯಾದಳು. "ನಿಮ್ಮನ್ನ ಕೇಳಬಾರದಿತ್ತು ಕಾಕು," ಎಂದು ಒದ್ದೆ ಕೈಯಿಂದಲೇ ನನ್ನ ಕೈ ಹಿಡಿದಳು.