ಇಳಿದ ಕೆನ್ನೆ

ಕೊನೆಯ ಗುಂಡಿಯೂ ಕೂತಿತು. ಕುತ್ತಿಗೆಯ ಹತ್ತಿರದ್ದು. ಹೋದ ವರ್ಷ ಇದೇ ಅಂಗಿ ತೊಡಿಸಿದಾಗ ಉಸಿರು ಕಟ್ಟುತ್ತದೆಂದು ಅನೀಶ ಅತ್ತಿದ್ದ. ಜಯಶೀಲ ಮಗನ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಕೆನ್ನೆ ಇಳಿದಿತ್ತು. ಮೂಗು, ದವಡೆ, ಕಣ್ಣಿನ ಕೆಳಗಿನ ಎಲುಬು, ಒಂದೊಂದೇ ಮೇಲೆ ಬಂದಿದ್ದವು. ಯಾರೋ ಎರವಲು ಒಯ್ದ ಪಾತ್ರೆಯನ್ನು ತಿಕ್ಕಿ ತೊಳೆದು ವಾಪಸು ಕೊಟ್ಟ ಹಾಗೆ.

"ಪಪ್ಪಾ, ಸೋನಾ ಹೈ," ಎಂದ ಅನೀಶ. ಮನೆಯ ಮಾತೆಲ್ಲ ಅವನಿಗೆ ತಿಳಿಯುತ್ತದೆ; ಉತ್ತರ ಮಾತ್ರ ಹಿಂದಿಯಲ್ಲಿ.

"ಈಗ ಎದ್ದದ್ದಲ್ವಾ ಮಾರಾಯ? ಮತ್ತೆ ಎಂತ ಮಲಗುದು?"

"ಚಕ್ಕರ್ ಆತಾ ಹೈ."

"ತಲೆ ತಿರುಗುದಾ? ನಿಶ್ಚಿತಾರ್ಥದ ಹಾಲ್‌ಗೆ ಹೋದ್ರೆ ಸರಿಯಾಗ್ತದೆ."

ಅಡುಗೆಮನೆಯಿಂದ ಜಯಲತಾ ಕೂಗಿದಳು. "ಗುಳಿಗೆ ಆಯ್ತಾ? ತಿಂಡಿ ಹೊಟ್ಟೆಗೆ ಬಿದ್ದ ಮೇಲೆಯೇ ಕೊಡಿ, ಖಾಲಿ ಹೊಟ್ಟೆಗೆ ಬೇಡ."

"ಆಯ್ತು."

ಆಗಿರಲಿಲ್ಲ. ಪಟ್ಟಿಯಿಂದ ಒತ್ತಿ ತೆಗೆದದ್ದು ಹೌದು, ಕೊಟ್ಟದ್ದು ಇಲ್ಲ. ಗುಳಿಗೆ ಅವನ ಜೇಬಿನಲ್ಲಿತ್ತು. ಬರಿದಾದ ಪಟ್ಟಿ ಹೆಂಡತಿಗೆ ಕಾಣುವ ಹಾಗೆ ಶೆಲ್ಫಿನ ಮೇಲಿತ್ತು. ದೀಪಾವಳಿ ಕಳೆದಲ್ಲಿಂದ ಹೀಗೆಯೇ.

ಇದಕ್ಕೆ ಪಥ್ಯ ಎಂದು ಹೆಸರು. ಕಾರ್ಕಳದ ಕಡೆಯ ಪಂಡಿತರೊಬ್ಬರು ತಿಂಗಳಿಗೊಮ್ಮೆ ಠಾಣೆ ಪಟ್ಟಣಕ್ಕೆ ಬಂದು, ಜಯಶೀಲನ ಸೋದರಮಾವ ತಾರಾನಾಥನ ಹೋಟೆಲಿನ ಮೇಲಿನ ಕೋಣೆಯಲ್ಲಿ ಕೂತು ನಾಟಿಮದ್ದು ಕೊಡುತ್ತಾರೆ. ಅನೀಶನ ಮೀನಖಂಡ ಒತ್ತಿ ನೋಡಿ ಎಣ್ಣೆ ಕೊಟ್ಟರು, ಕಷಾಯ ಕೊಟ್ಟರು. ಶರತ್ತು ಒಂದೇ: ಪಥ್ಯ ಮುಗಿಯುವ ತನಕ ಇಂಗ್ಲಿಷ್ ಮದ್ದು ಮುಟ್ಟಬಾರದು. ಮುಟ್ಟಿದರೆ ಎರಡೂ ಹಿಡಿಯುವುದಿಲ್ಲ. ಜಯಲತಾ ಎಣ್ಣೆಗೂ ಕಷಾಯಕ್ಕೂ ಒಪ್ಪಿದಳು. "ಗುಳಿಗೆ ಮಾತ್ರ ತಪ್ಪಿಸ್ಲಿಕ್ಕಿಲ್ಲ," ಎಂದಳು. ಜಯಶೀಲ ತಲೆಯಾಡಿಸಿದ. ಅವನ ಅಮ್ಮ ಪದ್ಮಾವತಿಯೂ ತಲೆಯಾಡಿಸಿದಳು. ಮರುದಿನ ಬೆಳಿಗ್ಗೆ ಜಯಲತಾ ಬ್ಯಾಂಕಿನ ಕೆಲಸಕ್ಕೆ ಹೊರಟ ಮೇಲೆ ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದಿನ ಗುಳಿಗೆ ಜಯಶೀಲನ ಜೇಬಿಗೆ ಇಳಿಯಿತು.

ಜಯಶೀಲ ಓದದವನಲ್ಲ. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ. ಮಹಾಪೆಯ ಮುದ್ರಣಾಲಯವೊಂದರಲ್ಲಿ, ಮದ್ದಿನ ಡಬ್ಬಿಯೊಳಗೆ ಮಡಚಿಡುವ ಸೂಚನಾ ಕಾಗದದ ಕರಡು ತಿದ್ದುವುದು ಅವನ ಕೆಲಸ. ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಬಾರದು ಎಂಬ ವಾಕ್ಯ ಅವನ ಕಣ್ಣಿನ ಕೆಳಗೆ ಎಷ್ಟು ಸಲ ಹಾದುಹೋಗಿದೆಯೋ. ಅಕ್ಷರ ಸರಿಯಿದೆಯೇ ಎಂದು ನೋಡಿ ಮುಂದೆ ಕಳಿಸಿದ್ದಾನೆ.

ನರರೋಗದ ಡಾಕ್ಟರಮ್ಮ ಎದುರು ಕೂರಿಸಿಕೊಂಡು ಹೇಳಿಯೂ ಇದ್ದರು. ಇದು ಮಸ್ಕ್ಯುಲರ್ ಡಿಸ್ಟ್ರೊಫಿ, ಮಾಂಸಖಂಡ ಸೊರಗುತ್ತ ಹೋಗುವ ಕಾಯಿಲೆ. ಸ್ಟೀರಾಯ್ಡ್ ಇದನ್ನು ವಾಸಿ ಮಾಡುವುದಿಲ್ಲ. ಇನ್ನೂ ಕೆಲವು ಕಾಲ ನಡೆದಾಡಿಸುತ್ತದೆ. ಮುಖ ಊದುತ್ತದೆ, ಹಸಿವು, ಸಿಟ್ಟು ಹೆಚ್ಚುತ್ತದೆ. ಎಲುಬು, ಕಣ್ಣು ನೋಡಿಸುತ್ತ ಇರಬೇಕು. ತಡೆಯಲಾಗದಿದ್ದರೆ ನನ್ನ ಹತ್ತಿರ ಬನ್ನಿ, ನಾನು ಸ್ವಲ್ಪ ಸ್ವಲ್ಪವೇ ಇಳಿಸುತ್ತೇನೆ, ನೀವಾಗಿ ನಿಲ್ಲಿಸಬೇಡಿ. ಹೊರಗಿನಿಂದ ಬರುತ್ತದಲ್ಲ ಎಂದು ಮೈ ತನ್ನ ಸ್ಟೀರಾಯ್ಡನ್ನು ತಾನೇ ಮಾಡಿಕೊಳ್ಳುವುದನ್ನು ಬಿಟ್ಟಿರುತ್ತದೆ, ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಬರುತ್ತದೆ. ವಾಂತಿಯಾಗಿ ಗುಳಿಗೆ ಒಳಗೆ ನಿಲ್ಲದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ. ಸ್ಟೀರಾಯ್ಡ್ ವಿಷಯ ಮೊದಲು ಹೇಳಿ, ಇಂಜೆಕ್ಷನ್ ಬೇಕಾಗುತ್ತದೆ.

ಎಲ್ಲ ಗೊತ್ತಿತ್ತು. ಗೊತ್ತಿದ್ದದ್ದು ಒಂದು ಕಡೆ, ಆ ಮುಖ ಇನ್ನೊಂದು ಕಡೆ. ಉರುಟು ಮುಖ. ಮನೆತನದಲ್ಲಿ ಯಾರದ್ದೂ ಅಲ್ಲದ್ದು. ಲಿಫ್ಟಿನಲ್ಲಿ ಮೇಲಿನ ಮಾಳಿಗೆಯ ಅಜ್ಜ 'ಗೋಲ್ಯಾ', ಅಂದರೆ ಗುಂಡಣ್ಣ, ಎಂದು ಪ್ರೀತಿಯಿಂದಲೇ ಕೆನ್ನೆ ಹಿಂಡುತ್ತಿದ್ದ. ಕೆಲವು ಸಂಜೆ ಬಾಗಿಲು ತೆಗೆದು ಒಳಗೆ ಬಂದರೆ, ಟಿವಿಯ ಮುಂದೆ ಯಾರದೋ ಮನೆಯ ಹುಡುಗ ಕೂತು ತಿನ್ನುತ್ತಿದ್ದಾನೆ ಎನಿಸುತ್ತಿತ್ತು. ಎತ್ತಿಕೊಳ್ಳಲು ಕೈ ಮುಂದಾಗುತ್ತಿರಲಿಲ್ಲ. ಇಂಥದ್ದನ್ನು ಯಾವ ಡಾಕ್ಟರಿಗೆ ಹೇಳುವುದು?

ಡೊಂಬಿವಲಿಯಲ್ಲಿ ಹತ್ತಿದ ಲೋಕಲ್ ರೈಲು ಭಾನುವಾರವೂ ತುಂಬಿತ್ತು. ಜಯಲತಾ ಅನೀಶನನ್ನು ಕರೆದುಕೊಂಡು ಅಂಗವಿಕಲರ ಡಬ್ಬಿ ಹತ್ತಿದಳು. ಜಯಶೀಲ ಇನ್ನೊಂದರ ಬಾಗಿಲಿಗೆ ಅಂಟಿಕೊಂಡ. ಕಳವಾ ಸ್ಟೇಷನ್ ದಾಟಿ ಖಾಡಿಯ ಹಿನ್ನೀರಿನ ಸೇತುವೆ ಬಂದಾಗ, ಬಾಗಿಲಲ್ಲಿ ನಿಂತವರು ಎಂದಿನಂತೆ ದೇವರ ಬಾಡಿದ ಹೂವಿನ ಪೊಟ್ಟಣಗಳನ್ನು ನೀರಿಗೆ ಎಸೆದರು. ಅವರ ಕೈಗಳ ನಡುವೆ ಅವನ ಕೈಯೂ ಹೊರಗೆ ಚಾಚಿ ತೆರೆದುಕೊಂಡಿತು. ಗುಳಿಗೆ ಬಿದ್ದದ್ದು ಕಾಣಲಿಲ್ಲ. ಪಕ್ಕದವನು ಕೈ ಮುಗಿದ. ಅದನ್ನು ನೋಡಿ ಜಯಶೀಲನೂ ಮುಗಿದ.

ಠಾಣೆಯ ಹಾಲ್‌ನಲ್ಲಿ ತಾರಾನಾಥ ಮಾವನ ಮಗಳು ಸೋನಾಲಿಯ ನಿಶ್ಚಿತಾರ್ಥ. ಅಮ್ಮ ತಮ್ಮನ ಮನೆಗೆಂದು ಮುನ್ನಾದಿನವೇ ಬಂದಿದ್ದಳು. ಬಾಗಿಲಲ್ಲೇ ಮಾವ ಅನೀಶನನ್ನು ಹಿಡಿದು ನಿಲ್ಲಿಸಿದ.

"ಇದು ಯಾರು ಮಾರಾಯ್ರೆ, ನಮ್ಮ ಅನೀಶನಾ? ಗುರ್ತವೇ ಸಿಕ್ಕುದಿಲ್ಲ! ನೋಡು, ಪಂಡಿತರ ಕೈಗುಣ ಅಂದ್ರೆ ಇದು. ನಿನ್ನ ಡಾಕ್ಟ್ರು ಕುಂಬಳಕಾಯಿ ಮಾಡಿ ಇಟ್ಟಿದ್ರು."

"ಎಣ್ಣೆಯದ್ದು ಇರ್ಬಹುದು," ಎಂದ ಜಯಶೀಲ.

"ಇರ್ಬಹುದು ಅಂತೆ! ಬಾಯಿಬಿಟ್ಟು ಒಪ್ಪಿಕೊಳ್ಲಿಕ್ಕೆ ಎಂಎಸ್ಸಿ ಅಡ್ಡ ಬರ್ತದಾ?"

ಸುತ್ತಲಿದ್ದವರು ನಕ್ಕರು. ಜಯಶೀಲನೂ ನಕ್ಕ. ಎಷ್ಟೋ ವರ್ಷಗಳ ನಂತರ ಮಗನ ಹೆಗಲ ಮೇಲೆ ಕೈ ಇಟ್ಟುಕೊಂಡು ಜನರ ನಡುವೆ ನಡೆದ. ಬಂದವರೆಲ್ಲ ಹುಡುಗನ ಗದ್ದ ಎತ್ತಿ ನೋಡಿದರು. ಒಬ್ಬಳು, "ಥೇಟ್ ಅಪ್ಪನ ಮುಖ," ಎಂದಳು. ಆ ಮಾತು ಹೊಟ್ಟೆಯೊಳಗೆ ಬಿಸಿ ಗಂಜಿಯ ಹಾಗೆ ಇಳಿಯಿತು. ಕೈಯ ಕೆಳಗಿನ ಹೆಗಲು ತಣ್ಣಗೆ, ಒದ್ದೆಯಾಗಿದ್ದದ್ದು ಅವನಿಗೆ ತಿಳಿಯಿತು. ಎಸಿ ಜೋರಾಯಿತು ಎಂದುಕೊಂಡ.

ಅಮ್ಮ ಪಕ್ಕಕ್ಕೆ ಬಂದಳು. "ಮಗು ಬಾಡಿದೆ ಮಾರಾಯ. ತುಟಿ ನೋಡು."

"ಇಂಗ್ಲಿಷ್ ಮದ್ದಿನ ನಂಜು ಇಳಿವಾಗ ಸುಸ್ತು ಬರ್ತದಂತಲ್ಲ."

ಅಮ್ಮ ಮೊಮ್ಮಗನ ತುಟಿಯನ್ನು ಸೆರಗಿನಿಂದ ಒರೆಸಿದಳು. ಆ ಮಾತನ್ನು ಪಂಡಿತರಿಂದ ಕೇಳಿ ಅವನಿಗೆ ಹೇಳಿದವಳು ಅವಳೇ. ಮಗನ ಬಾಯಿಯಿಂದ ವಾಪಸು ಬಂದಾಗ ಅದು ಅವಳಿಗೆ ಬೇರೆಯೇ ಕೇಳಿಸಿದಂತಿತ್ತು.

"ಅವಳಿಗೆ ಹೇಳಿಬಿಡುವನಾ?" ಎಂದಳು, ಜಯಲತಾಳ ಕಡೆ ನೋಡುತ್ತ.

"ಈಗ ಬೇಡ. ಇಲ್ಲಿ ಬೇಡ."

ಫೋಟೋಕ್ಕೆ ಕರೆದರು. ಸೋನಾಲಿ ಅನೀಶನನ್ನು ತನ್ನ ಮುಂದೆಯೇ ನಿಲ್ಲಿಸಿಕೊಂಡಳು. "ಬಾಬೂ, ಸ್ಮೈಲ್!" ಎಂದ ಫೋಟೋದವನು. ಅನೀಶ ಬಾಯಿ ತೆರೆದ. ಹಸಿರು ಕಷಾಯ ಅವನ ಅಂಗಿಯ ಮೇಲೆ, ಸೋನಾಲಿಯ ಸೀರೆಯ ನೆರಿಗೆಯ ಮೇಲೆ ಸುರಿಯಿತು. ಆಮೇಲೆ ಕಾಲಿನಿಂದ ಶುರುವಾಗಿ ಮೇಲಿನ ತನಕ ಒಂದೊಂದೇ ಕೀಲು ಕಳಚಿದಂತೆ ಅವನು ಕೆಳಗಿಳಿದ. ಬಿದ್ದ ಎನ್ನಲಾಗದು. ಇಳಿದ.

ಹಾಲ್‌ನ ಹಿಂದಿನ ಬೀದಿಯಲ್ಲಿ ಒಂದು ನರ್ಸಿಂಗ್ ಹೋಮ್, ಮೂರನೆಯ ಮಾಳಿಗೆಯಲ್ಲಿ. ಜಯಶೀಲ ಮಗನನ್ನು ಎತ್ತಿಕೊಂಡು ಓಡಿದ. ಹುಡುಗ ಹಗುರವಾಗಿದ್ದ. ಅಷ್ಟೊಂದು ಹಗುರ ಎಂದು ಅವನಿಗೆ ಅಂದಾಜಿರಲಿಲ್ಲ.

ಎಳೆಯ ಪ್ರಾಯದ ಡಾಕ್ಟರ್ ಒಬ್ಬಳು ನಾಡಿ ಹಿಡಿದಳು, ಬಿಪಿಯ ಪಟ್ಟಿ ಸುತ್ತಿದಳು, ಎರಡನೆಯ ಸಲ ಸುತ್ತಿದಳು. ಯಾವ ಮದ್ದು ನಡೆಯುತ್ತಿದೆ ಎಂದು ಕೇಳಿದಳು.

"ಮಸ್ಕ್ಯುಲರ್ ಡಿಸ್ಟ್ರೊಫಿ. ಸ್ಟೀರಾಯ್ಡ್ ಮೇಲಿದ್ದಾನೆ," ಎಂದಳು ಜಯಲತಾ ಹಿಂದಿಯಲ್ಲಿ, ಬಾಯಿಪಾಠ ಒಪ್ಪಿಸುವವಳ ಹಾಗೆ. "ದಿನಾ ಬೆಳಿಗ್ಗೆ, ತಿಂಡಿಯ ಮೇಲೆ."

"ನಡುವೆ ನಿಲ್ಲಿಸಿದ್ದು?"

"ಒಂದು ದಿನವೂ ಇಲ್ಲ. ಇವರೇ ಕೈಯಾರೆ ಕೊಡುವುದು." ಅವನ ಕಡೆ ತಿರುಗಿ ಕನ್ನಡದಲ್ಲಿ, "ಇವತ್ತೂ ಕೊಟ್ಟಿದ್ದೀರಲ್ಲ?" ಎಂದಳು.

ಜಯಶೀಲನ ತಲೆ ಅಲುಗಿತು. ಯಾವ ಕಡೆಗೆ ಎಂದು ಅವನಿಗೇ ತಿಳಿಯಲಿಲ್ಲ. ಹೆಂಡತಿಗೆ ತಿಳಿಯಿತು. "ಕೊಟ್ಟಿದ್ದಾರೆ," ಎಂದಳು.

ಡಾಕ್ಟರ ಹುಬ್ಬು ಗಂಟಾಯಿತು. "ದಿನಾ ಒಳಗೆ ಹೋಗ್ತಾ ಇದ್ದರೆ ಇದು ಯಾಕೆ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಸಲಾಯಿನ್ ಏರಿಸಿದರು. ಅನೀಶನ ನರರೋಗದ ಡಾಕ್ಟರಮ್ಮನನ್ನು ಫೋನಿನಲ್ಲಿ ಹಿಡಿಯುತ್ತೇನೆ, ಗುಳಿಗೆ ಕೊಡುವವರು ಹತ್ತಿರವೇ ಇರಿ ಎಂದಳು.

ಜಯಶೀಲ ಹತ್ತಿರ ಇರಲಿಲ್ಲ. ಕಾರಿಡಾರಿನ ತುದಿಯ ಕಿಟಕಿಯ ಬಳಿ ಇದ್ದ. ಹೇಗೆ ಅಲ್ಲಿಗೆ ಬಂದ ಎಂದು ನೆನಪಿಲ್ಲ.

ಗುಳಿಗೆ ನಾನು ನಿಲ್ಲಿಸಿದ್ದೆ. ಇಷ್ಟೇ ಮಾತು. ಇಂಗ್ಲಿಷಿನಲ್ಲಿ ಮನಸ್ಸಿನೊಳಗೇ ಹೇಳಿ ನೋಡಿದ. ಯಾರೋ ಆಫೀಸಿನವನು ಕೆಮ್ಮಿದ ಹಾಗಿತ್ತು. ಹಿಂದಿಯಲ್ಲಿ ಹೇಳಿದ; ಕಟಕಟೆಯಲ್ಲಿ ನಿಂತವನೊಬ್ಬ ಹೇಳಿದಂತಿತ್ತು. ಕನ್ನಡದಲ್ಲಿ ಹೇಳಲು ಹೋದಾಗ ಮನಸ್ಸಿನೆದುರಿಗೆ ಜಯಲತಾ ಬಂದು ನಿಂತಳು, ಅದೇ ನಂಬಿಕೆಯ ಮುಖ ಹೊತ್ತು. ಯಾರೂ ಬೈಯುತ್ತಿರಲಿಲ್ಲ. ಅದೇ ಕಷ್ಟ. ಮಗ ಒಳಗೆ ಮುಳುಗುತ್ತಿದ್ದಾನೆ, ತಾನು ಇಲ್ಲಿ ಭಾಷೆ ಆರಿಸುತ್ತಿದ್ದೇನೆ ಎಂಬುದೂ ಅವನಿಗೆ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಕಾಣುವುದರಲ್ಲಿ ಅವನಿಗೆ ಎಂದೂ ಕೊರತೆಯಿರಲಿಲ್ಲ.

ಕೆಳಗೆ ಬಯಲಿನಲ್ಲಿ ಯಾರದೋ ಹುಟ್ಟುಹಬ್ಬ ಮುಗಿದಿತ್ತು. ಮಕ್ಕಳು ಕುಣಿಯಲು ಬಾಡಿಗೆಗೆ ತರುವ, ಗಾಳಿ ತುಂಬಿದ ದೊಡ್ಡ ಕೋಟೆ. ನಾಲ್ಕು ಮೂಲೆಗೆ ಕೆಂಪು ಹಳದಿ ಗೋಪುರ. ಒಬ್ಬ ಬಂದು ಗಾಳಿಯ ಮೆಷಿನ್ನಿನ ಪ್ಲಗ್ ಎಳೆದ. ಕೋಟೆ ಏನೂ ಆಗದ ಹಾಗೆ ನಿಂತೇ ಇತ್ತು. ಆಮೇಲೆ ಒಂದು ಗೋಪುರ ಕುತ್ತಿಗೆ ಮುರಿದುಕೊಂಡಿತು. ಇನ್ನೊಂದು. ಗೋಡೆಗಳು ಒಳಗೊಳಗೇ ಕುಸಿದವು. ಆ ಮನುಷ್ಯ ಚಪ್ಪಲಿ ಕಳಚಿಟ್ಟು, ಅದರ ಮೇಲೆ ಬೋರಲು ಮಲಗಿ, ಉಳಿದ ಗಾಳಿಯನ್ನು ಮೈಯಿಂದ ಒತ್ತಿ ಒತ್ತಿ ಹೊರಗೆ ಹಾಕತೊಡಗಿದ.

"ಅನೀಶ್ ಕೇ ಪಾಪಾ ಕೌನ್ ಹೈ?" ಹಿಂದಿನಿಂದ ನರ್ಸ್ ಅನೀಶನ ಅಪ್ಪನನ್ನು ಕರೆದಳು. "ಡಾಕ್ಟರ್ ಮೇಡಂ ಫೋನ್ ಪರ್ ಹೈ. ಜಲ್ದಿ."

ಕೊನೆಯ ಗೋಪುರ ಇನ್ನೂ ನಿಂತಿತ್ತು. ಅದೊಂದು ಬೀಳಲಿ, ಹೋಗುತ್ತೇನೆ ಎಂದುಕೊಂಡ ಜಯಶೀಲ. ಅದು ಬೀಳಲಿಲ್ಲ. ಬಾಗುತ್ತಲೇ ಇತ್ತು.