ಕೆಂಪು ಚುಕ್ಕೆಗೆ ಕಾಯದ ಕ್ಯಾಪ್ಟನ್

ಆ ವಿಮಾನ ಕಂಪನಿಯಲ್ಲಿ ದೊಡ್ಡ ಕ್ಯಾಪ್ಟನ್ ಅಂತ ಒಬ್ಬರಿದ್ದರು. ಆಕಾಶವನ್ನು ಅವರ ತಾತ ಅವರ ಹೆಸರಿಗೇ ಬರೆದಿಟ್ಟು ಹೋಗಿದ್ದಾರೆ, ಉಳಿದ ಪೈಲಟ್‌ಗಳೆಲ್ಲ ಅದರಲ್ಲಿ ಬಾಡಿಗೆಗಿದ್ದಾರೆ ಅನ್ನುವಂಥ ಠೀವಿ. ಒಮ್ಮೆ ದಾರಿಗಡ್ಡ ಬಂದ ಮೋಡವೊಂದನ್ನು ಗದರಿಸಿ ಪಕ್ಕಕ್ಕೆ ಸರಿಸಿದ್ದರಂತೆ. ಮೋಡ ತಪ್ಪಾಯ್ತು ಅಂದಿದ್ದನ್ನು ಕೇಳಿಸಿಕೊಂಡವರು ಅವರೊಬ್ಬರೇ.

ಅವರ ಬಲಗಡೆಯ ಸೀಟಿನಲ್ಲಿ ಕೋ-ಪೈಲಟ್ ಆಗಿ ಕೂರುತ್ತಿದ್ದವನು ಅವರ ಹೆಂಡತಿಯ ತಮ್ಮ. ಕಂಪನಿಯಲ್ಲಿ ಅವನನ್ನು ಎಲ್ಲರೂ 'ಭಾಮೈದ' ಅಂತಲೇ ಕರೆಯುತ್ತಿದ್ದರು, ಕ್ಯಾಂಟೀನಿನವನೂ ಸೇರಿ. ಅವನ ಜೊತೆ ಕೆಲಸಕ್ಕೆ ಸೇರಿದವರೆಲ್ಲ ಎಡಗಡೆಯ ಸೀಟಿಗೆ ದಾಟಿ ಕ್ಯಾಪ್ಟನ್ ಆಗಿ, ಹೊಟ್ಟೆ ಬೆಳೆಸಿಕೊಂಡು, ಕಿರಿಯರನ್ನು ಬೈಯುವ ಮಟ್ಟಕ್ಕೆ ಬಂದಿದ್ದರು. ಇವನ ಬಡ್ತಿಯ ಮಾತು ಬಂದಾಗಲೆಲ್ಲ ಭಾವ ಗಂಭೀರವಾಗಿ ತಲೆಯಾಡಿಸಿ, ಹುಡುಗನಿಗೆ ಇನ್ನೂ ಸ್ವಂತ ಬುದ್ಧಿ ಬಂದಿಲ್ಲ ಅನ್ನುತ್ತಿದ್ದರು. ಹುಡುಗನ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಸ್ವಂತ ಬುದ್ಧಿ ಬರುವುದಾದರೂ ಎಲ್ಲಿಂದ? ಹಾರುವಾಗ ಇವನ ಕೈ ತೊಡೆಯ ಮೇಲೆಯೇ ಇರಬೇಕು ಅಂತ ಭಾವನ ಕಟ್ಟಪ್ಪಣೆ.

ಕಾಕ್‌ಪಿಟ್‌ನಲ್ಲಿ ಒಂದು ಪರದೆ ಇರುತ್ತದೆ. ಸುತ್ತಮುತ್ತ ಹಾರುವ ವಿಮಾನಗಳು ಅದರ ಮೇಲೆ ಚುಕ್ಕೆಗಳಾಗಿ ಕಾಣುತ್ತವೆ. ದೂರದಲ್ಲಿದ್ದರೆ ಬಿಳಿ, ಹತ್ತಿರ ಬಂದರೆ ಹಳದಿ, ಇನ್ನೇನು ಗುದ್ದುತ್ತದೆ ಅನ್ನುವಾಗ ಕೆಂಪು. ಹಳದಿಯಾದಾಗ ಯಂತ್ರ 'ಟ್ರಾಫಿಕ್, ಟ್ರಾಫಿಕ್' ಅನ್ನುತ್ತದೆ. ಹುಷಾರಾಗಿರಿ, ಆದರೆ ಏನೂ ಮಾಡಬೇಡಿ ಅಂತ ಅದರರ್ಥ. ಕೆಂಪಾದಾಗ ಮಾತ್ರ ಏರಿ ಅಂತಲೋ ಇಳಿಯಿರಿ ಅಂತಲೋ ಬಾಯಿಬಿಟ್ಟು ಹೇಳುತ್ತದೆ. ಅಷ್ಟರಲ್ಲಿ ಅದು ಎದುರಿನ ವಿಮಾನದ ಯಂತ್ರದ ಜೊತೆ ಮಾತಾಡಿಕೊಂಡಿರುತ್ತದೆ: ನಾನು ಇಳೀತೀನಿ, ನೀನು ಹತ್ತು. ಎರಡು ಯಂತ್ರಗಳ ನಡುವೆ ಇರುವ ಈ ಮರ್ಯಾದೆ ಅಕ್ಕಪಕ್ಕ ಕೂರುವ ಭಾವ-ಭಾಮೈದರ ನಡುವೆ ಇರಲಿಲ್ಲ.

ದೊಡ್ಡ ಕ್ಯಾಪ್ಟನ್ ಆ ಪರದೆಗೆ 'ಚಾಡಿಬುರುಕ' ಅಂತ ಹೆಸರಿಟ್ಟಿದ್ದರು. ಊರವರೆಲ್ಲ ಎಲ್ಲೆಲ್ಲಿ ಓಡಾಡುತ್ತಿದ್ದಾರೆ ಅಂತ ತಿಳಿದುಕೊಂಡು ನನಗೇನಾಗಬೇಕು, ಅವರೇ ನನ್ನನ್ನು ನೋಡಿಕೊಂಡು ಓಡಾಡಲಿ ಅನ್ನುವುದು ಅವರ ವಾದ.

ಇಂಥವರೂ ವರ್ಷಕ್ಕೆರಡು ಸಲ ಸಿಮ್ಯುಲೇಟರ್ ಪರೀಕ್ಷೆಗೆ ಕೂರಲೇಬೇಕಿತ್ತು. ಸಿಮ್ಯುಲೇಟರ್ ಅಂದರೆ ಕಬ್ಬಿಣದ ಕಾಲುಗಳ ಮೇಲೆ ನಿಂತ ದೊಡ್ಡ ಬಿಳಿ ಡಬ್ಬ. ಒಳಗೆ ನಿಜವಾದ ಕಾಕ್‌ಪಿಟ್, ಗಾಜಿನಾಚೆ ಸುಳ್ಳು ಆಕಾಶ. ಹಿಂದೆ ಕೂತ ಪರೀಕ್ಷಕರು ಬಟನ್ ಒತ್ತಿ ಬೆಂಕಿ, ಬಿರುಗಾಳಿ, ಎದುರು ವಿಮಾನ, ಏನು ಬೇಕಾದರೂ ತರಿಸುತ್ತಾರೆ. ಹಳೆಯ ಪರೀಕ್ಷಕರು ಮಹಾ ಸೋಮಾರಿ. ಎದುರು ವಿಮಾನ ಬೇಕಾದಾಗ ಕೈಗೆ ಹತ್ತಿರವಿದ್ದ ಮೊದಲನೇ ಬಟನ್ನನ್ನೇ ಒತ್ತುತ್ತಿದ್ದರು. ವಿಮಾನ ಯಾವಾಗಲೂ ಬಲಗಡೆಯಿಂದಲೇ ಬರುವುದು, ಯಂತ್ರ ಯಾವಾಗಲೂ 'ಕ್ಲೈಂಬ್', ಅಂದರೆ ಏರು ಅನ್ನುವುದು. ಹೊರಬಂದವರು ಕ್ಯಾಂಟೀನಿನಲ್ಲಿ ಒಳಹೋಗುವವರಿಗೆ ಇದನ್ನು ಹೇಳಿಕೊಡುತ್ತಿದ್ದರು. ಮೈತುಂಬ ಚಿನ್ನದ ಪಟ್ಟಿಯ ಯೂನಿಫಾರಂ ಹಾಕಿದ ಜನ, ಗೈಡು ಓದಿ ಪಾಸಾಗುವ ಪಡ್ಡೆ ಹುಡುಗರ ಹಾಗೆ, ಹಳದಿ ಕಂಡ್ರೆ ಎತ್ತು ಅಂತ ಉರು ಹೊಡೆದು ಪಾಸಾಗುತ್ತಿದ್ದರು. ಕೆಂಪಿನವರೆಗೆ ಕಾಯುವವನನ್ನು ದಡ್ಡ ಅನ್ನುತ್ತಿದ್ದರು.

ಈ ಸಲದ ಪರೀಕ್ಷೆಯಲ್ಲಿ ಭಾಮೈದನಿಗೆ ಜೀವ ಬಾಯಿಗೆ ಬಂದಿತ್ತು. ಇದರಲ್ಲಿ ಪಾಸಾದರೆ ಎಡಗಡೆ ಸೀಟಿನ ತರಬೇತಿ. ತಪ್ಪಿದರೆ ವಯಸ್ಸು ಮೀರುತ್ತಿತ್ತು, ಬಲಗಡೆಯಲ್ಲೇ ನಿವೃತ್ತಿ. ಹಳೆಯ ಪರೀಕ್ಷಕರ ಜಾಗಕ್ಕೆ ಒಬ್ಬ ಹೆಂಗಸು ಬಂದಿದ್ದರು. ಮಾತು ಕಡಿಮೆ, ನಗು ಇಲ್ಲವೇ ಇಲ್ಲ. ಭಾವ ಅವರಿಗೆ ನಮಸ್ಕಾರವನ್ನೂ ಅರ್ಧವೇ ಮಾಡಿ ಸೀಟಿನಲ್ಲಿ ಕೂತರು.

ಸುಳ್ಳು ಆಕಾಶದಲ್ಲಿ ಸ್ವಲ್ಪ ಹೊತ್ತು ಹಾರಿದ ಮೇಲೆ ಪರದೆಯಲ್ಲಿ ಚುಕ್ಕೆಯೊಂದು ಹಳದಿಯಾಯಿತು. ಯಂತ್ರ 'ಟ್ರಾಫಿಕ್' ಅನ್ನುವುದೇ ತಡ, ಭಾವ ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ನುಗ್ಗುವವರ ಹಾಗೆ ಸ್ಟಿಕ್ ಹಿಡಿದೆಳೆದು ವಿಮಾನವನ್ನು ಮೇಲಕ್ಕೆತ್ತಿದರು. ಚುಕ್ಕೆ ಕೆಂಪಾಯಿತು. ಯಂತ್ರ 'ಡಿಸೆಂಡ್, ಡಿಸೆಂಡ್' ಅಂದಿತು. ಇಳಿ, ಇಳಿ.

"ಕೆಟ್ಟುಹೋಗಿದೆ ಇದು," ಅಂದರು ಭಾವ, ಇನ್ನೂ ಎತ್ತುತ್ತ.

ಅದು ಕೆಟ್ಟಿಲ್ಲ ಅಂತ ಭಾಮೈದನಿಗೆ ಗೊತ್ತಿತ್ತು. ಎದುರಿನ ವಿಮಾನ ಈ ಸಲ ಮೇಲಿದೆ ಅಂತ ಪರದೆ ಅಂಕಿಯಲ್ಲೇ ತೋರಿಸುತ್ತಿತ್ತು. ಅವನ ಕೈಗಳು ತೊಡೆಯ ಮೇಲೆ ತೆಪ್ಪಗೆ ಕೂತಿದ್ದವು. ಡಬ್ಬ ದಡಾರನೆ ಅಲುಗಿತು, ಗಾಜಿನಾಚೆಯ ಆಕಾಶ ಕೆಂಪಗಾಗಿ ನಿಂತುಬಿಟ್ಟಿತು. ಎರಡೂ ವಿಮಾನದವರು ಸತ್ತರು ಅಂತ ಲೆಕ್ಕ.

ದೊಡ್ಡ ಕ್ಯಾಪ್ಟನ್ ಸತ್ತ ಮೇಲೂ ಬಗ್ಗುವವರಲ್ಲ. ಎದುರಿನ ವಿಮಾನ ಓಡಿಸುತ್ತಿದ್ದವನು ಯಾರು, ಅವನನ್ನು ಕರೆಸಿ, ನಾನು ಮಾತಾಡುತ್ತೇನೆ ಅಂದರು. ಅದರಲ್ಲಿ ಯಾರೂ ಇರಲಿಲ್ಲ, ಅದು ಬರೀ ಚುಕ್ಕೆ ಅಂತ ಪರೀಕ್ಷಕಿ ತಿಳಿಸಿದರು. ಯಾರೂ ಇಲ್ಲದ ವಿಮಾನಕ್ಕೇ ಇಷ್ಟು ಸೊಕ್ಕಾ ಅಂತ ಭಾವ ಬೇಸರಪಟ್ಟುಕೊಂಡರು.

ಪರೀಕ್ಷಕಿ ಅವರನ್ನು ಬಿಟ್ಟು ಈ ಕಡೆ ತಿರುಗಿದರು. "ನೀವ್ಯಾಕೆ ಸುಮ್ನೆ ಕೂತಿದ್ರಿ?"

"ಅವರು ನಮ್ಮ ಭಾವ, ಮೇಡಂ."

"ಹಿಂದುಗಡೆ ಇನ್ನೂರು ಜನ ಕೂತಿರ್ತಾರಲ್ಲ, ಅವರಿಗೂ ಭಾವನಾ ಇವರು?"

ಭಾವ, ಅವರೂ ಹಾಗೆ ಕರೆಯಬೇಕೆಂದರೆ ತಮ್ಮದೇನೂ ಅಭ್ಯಂತರವಿಲ್ಲ ಅನ್ನುವ ಹಾಗೆ ಕೂತಿದ್ದರು.

ನಿಯಮದ ಪ್ರಕಾರ ಇನ್ನೊಂದು ಅವಕಾಶ ಇತ್ತು. ಒಬ್ಬ ತಪ್ಪು ದಾರಿಗೆ ಹೋದರೆ ಇನ್ನೊಬ್ಬ ವಿಮಾನವನ್ನು ಕೈಗೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಇಬ್ಬರೂ ಫೇಲು ಅಂತ ಪರೀಕ್ಷಕಿ ನೆನಪಿಸಿದರು. ಆಕಾಶ ನೀಲಿಗೆ ಬಂತು. ಭಾವ ಪಕ್ಕಕ್ಕೆ ವಾಲಿ ಪಿಸುಗುಟ್ಟಿದರು. "ಈಯಮ್ಮ ಬಟನ್ ಬದಲಾಯಿಸಿದಾಳೆ ಕಣೋ. ಇವತ್ತು ಇಳಿಸೋದು. ನೋಡ್ತಿರು."

ಅಷ್ಟು ದೊಡ್ಡ ತಲೆಯಿಂದ, ಒಂದು ವಿಮಾನ ತುಂಬ ಹೆಣ ಕೆಡವಿದ ಮೇಲೆ ಹೊರಬಂದ ಜ್ಞಾನ ಇಷ್ಟೇ. ಇಷ್ಟು ವರ್ಷ ಈ ತಲೆಗೆ ಹೆದರಿಕೊಂಡಿದ್ದೆನಲ್ಲ ಅಂತ ಭಾಮೈದನಿಗೆ ಮೊದಲ ಸಲ ಅನ್ನಿಸಿತು. ಹೆದರುವುದಕ್ಕೆ ಅದರೊಳಗೆ ಏನೂ ಇರಲಿಲ್ಲ. ಅವನಿಗೆ ಭಾವನಿಗಿಂತ ತನ್ನ ಮೇಲೇ ಹೆಚ್ಚು ಹೇಸಿಗೆಯಾಯಿತು.

ಚುಕ್ಕೆ ಹಳದಿಯಾಯಿತು. ಭಾವ ಒಂದು ಕ್ಷಣವೂ ಕಾಯದೆ ವಿಮಾನದ ಮೂತಿ ತಗ್ಗಿಸಿ ಕೆಳಕ್ಕೆ ದಬ್ಬಿದರು. ಕೆಂಪು. 'ಕ್ಲೈಂಬ್, ಕ್ಲೈಂಬ್.'

"ಭಾವ, ಹತ್ತಬೇಕು," ಅಂದ ಭಾಮೈದ.

"ಬಾಯಿ ಮುಚ್ಕೊಂಡು ಕೂತ್ಕೊ."

ಅವನ ಸ್ಟಿಕ್‌ನ ನೆತ್ತಿಯ ಮೇಲೆ ಒಂದು ಕೆಂಪು ಗುಂಡಿ ಇತ್ತು. ಅದನ್ನು ಒತ್ತಿ ಹಿಡಿದರೆ ಪಕ್ಕದವರ ಸ್ಟಿಕ್ ಸತ್ತ ಕಡ್ಡಿ. ಅದರ ಮೇಲೆ ಅವನ ಬೆರಳು ಒಂದು ದಿನವೂ ಬಿದ್ದಿರಲಿಲ್ಲ. ಹೆಬ್ಬೆರಳಿಟ್ಟ.

"ಕಂಟ್ರೋಲ್ ನಂದು," ಅಂದ.

ಅಧಿಕಾರ ಬಲಗಡೆಗೆ ಹೋಯಿತು ಅಂತ ಯಂತ್ರ ತನ್ನ ಭಾಷೆಯಲ್ಲಿ ಸಾರಿತು. ಎಷ್ಟು ಏರಬೇಕು ಅಂತ ತೋರಿಸುವ ಪಕ್ಕದ ಅಳತೆಪಟ್ಟಿಯಲ್ಲಿ ಹಸಿರು ಕಂಡಷ್ಟು ಭಾಗಕ್ಕೆ ಸರಿಯಾಗಿ ಅವನು ಮೂತಿ ಎತ್ತಿದ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಡಗಡೆ ಭಾವ ಹಲ್ಲು ಕಚ್ಚಿ ಸತ್ತ ಕಡ್ಡಿಯನ್ನು ಮುಂದಕ್ಕೆ ದಬ್ಬುತ್ತಲೇ ಇದ್ದರು. ವಿಮಾನ ಮೇಲೇರುತ್ತಿತ್ತು, ಅವರು ಇಳಿಸುತ್ತಲೇ ಇದ್ದರು. ಎದುರಿನ ವಿಮಾನ ಕೆಳಗಿನಿಂದ ಹಾದುಹೋಗಿ, ಚುಕ್ಕೆ ಬಿಳಿಯಾಗಿ, ಅಪಾಯ ಕಳೆಯಿತು ಅಂತ ಯಂತ್ರ ಹೇಳಿದ ಮೇಲೂ ಅವರ ಇಳಿತ ನಿಂತಿರಲಿಲ್ಲ.

ಪರೀಕ್ಷಕಿ ಭಾಮೈದನಿಗೆ, ಮುಂದಿನ ವಾರದಿಂದ ಎಡಗಡೆಗೆ ಬನ್ನಿ ಅಂದರು. ದೊಡ್ಡ ಕ್ಯಾಪ್ಟನ್‌ಗೆ, ನೀವು ತರಬೇತಿಗೆ ಬನ್ನಿ, ಮೊದಲಿನಿಂದ ಅಂದರು.

ಕ್ಯಾಂಟೀನಿಗೆ ಬರುವಷ್ಟರಲ್ಲಿ ಭಾವನ ಕಥೆ ಸಿದ್ಧವಾಗಿತ್ತು. ಹುಡುಗ ಮುಂದೆ ಬರಲಿ ಅಂತ ತಾವೇ ಬೇಕೆಂದು ಎರಡು ಸಲ ತಪ್ಪು ಮಾಡಿ ಕಂಟ್ರೋಲ್ ಬಿಟ್ಟುಕೊಟ್ಟರಂತೆ. ಎದುರಿನ ಚುಕ್ಕೆ ಕೂಡ ಅವರನ್ನು ಕಂಡು ಸಣ್ಣಗೆ ನಡುಗಿತಂತೆ. ಕೇಳುತ್ತಿದ್ದವರು ಟೀ ಕುಡಿದು ಎದ್ದುಹೋದರು. ಹೋಗುವಾಗ ಒಬ್ಬಿಬ್ಬರು ಭಾಮೈದನ ಹತ್ತಿರ ಬಂದು, ಹಾಗಾದ್ರೆ ಈಗ ಹಳದಿ ಕಂಡ್ರೆ ಎತ್ತೋದೋ ಇಳಿಸೋದೋ ಅಂತ ವಿಚಾರಿಸಿದರು. ಕಾಯೋದು ಅಂದ. ಅವರಿಗೆ ಅದು ಉತ್ತರ ಅಂತ ಅನ್ನಿಸಲಿಲ್ಲ.

ಸಂಜೆ ಅಕ್ಕ ಫೋನ್ ಮಾಡಿದಳು. ಇಪ್ಪತ್ತು ವರ್ಷದಿಂದ ಆ ಮನೆಯಲ್ಲಿ ಕಿಟಕಿ ಪರದೆಯ ಬಣ್ಣದಿಂದ ಹಿಡಿದು ಸಾರಿನ ಉಪ್ಪಿನವರೆಗೆ ಎಲ್ಲ ತೀರ್ಮಾನವೂ ಭಾವನದೇ. ಬೈಗುಳ ತಿನ್ನಲು ಭಾಮೈದ ಸಿದ್ಧನಾಗಿ ನಿಂತ.

"ಏನೋ, ನಿಮ್ಮ ಭಾವನ ಕೈಯಿಂದ ಕಂಟ್ರೋಲ್ ಕಿತ್ಕೊಂಡ್ಯಂತೆ?"

"ಹೂಂ ಅಕ್ಕ."

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಅಕ್ಕನ ದನಿ ತಗ್ಗಿತು. "ಏನಂತ ಅಂದೆ ಆಗ? ಸರಿಯಾಗಿ ಹೇಳು."

"ಕಂಟ್ರೋಲ್ ನಂದು, ಅಂದೆ."

"ಅಷ್ಟೇನಾ?"

"ಅಷ್ಟೇ."

ಅವಳು ಆ ಮಾತನ್ನು ತನ್ನ ಬಾಯಲ್ಲೇ ಮೆಲ್ಲಗೆ ಅಂದು ನೋಡಿ, ಇನ್ನೊಂದು ಸಲ ಹೇಳು, ನಿಧಾನಕ್ಕೆ ಅಂದಳು. ಅವನು ನಿಧಾನಕ್ಕೆ ಹೇಳಿದ.